ರಾಳದ ರೋಬೋಟು, ಒಂದು ದಿನದ ಹಕ್ಕು

ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ನಾಲ್ಕಾರು ಪ್ಲಾಸ್ಟಿಕ್ ಚೀಲಗಳು. ಚೀಲಗಳ ತುಂಬ ಬೆಣ್ಣೆಯ ಬಣ್ಣದ ಗಟ್ಟಿ ತುಂಡುಗಳು. ಒಂದು ಮೊಣಕಾಲಿನಂತೆ ಕಾಣುತ್ತದೆ, ಇನ್ನೊಂದು ಶಿರಸ್ತ್ರಾಣದಂತೆ. ಮತ್ತೊಂದು ಏನೆಂದು ಹೊಳೆಯುವುದೇ ಇಲ್ಲ. ಕೈಗೆತ್ತಿಕೊಂಡರೆ ಜಿಡ್ಡು. ಅಂಚುಗಳಲ್ಲಿ ತೆಳುವಾದ ಪೊರೆ, ಮೈಮೇಲೆ ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿಗಳು. ಜೊತೆಗೆ ಜೆರಾಕ್ಸ್ ಮಾಡಿದ ಒಂದೆರಡು ಹಾಳೆಗಳ ಸೂಚನೆ. ಅಂಟು ಇಲ್ಲ, ಬಣ್ಣ ಇಲ್ಲ, ಸ್ಕ್ರೂ ಕೂಡ ಇಲ್ಲ. ಇಷ್ಟಕ್ಕೆ ಅಂಗಡಿಯ ಸಿದ್ಧ ಆಟಿಕೆಗಿಂತ ಹಲವು ಪಟ್ಟು ಬೆಲೆ ತೆತ್ತು, ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ಕೊಂಡವರಿದ್ದಾರೆ. ಜಪಾನಿನಲ್ಲಿ ಇದಕ್ಕೆ ‘ಗ್ಯಾರೇಜ್ ಕಿಟ್’ ಎಂದು ಹೆಸರು.

ಕಾರ್ಖಾನೆಯಲ್ಲಲ್ಲ, ಮನೆಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ತಯಾರಾದದ್ದು ಎಂಬುದು ಆ ಹೆಸರಿನ ಅರ್ಥ. ದೊಡ್ಡ ಪದಗಳನ್ನು ಕತ್ತರಿಸಿ ಗಿಡ್ಡ ಮಾಡಿಕೊಳ್ಳುವುದು ಜಪಾನೀಯರ ರೂಢಿ. ಹಾಗೆ ಈ ಇಂಗ್ಲಿಷ್ ಜೋಡಿಪದ ಅವರ ಬಾಯಲ್ಲಿ ‘ಗರೆಕಿ’ ಆಯಿತು. ಅದೇ ಉಚ್ಚಾರದ ಇನ್ನೊಂದು ಪದ ಅವರ ಭಾಷೆಯಲ್ಲಿ ಮೊದಲಿನಿಂದ ಇದೆ. ಅದರ ಅರ್ಥ ಕಟ್ಟಡ ಕೆಡವಿದಾಗ ಉಳಿಯುವ ಕಲ್ಲುಮಣ್ಣಿನ ರಾಶಿ! ಪೆಟ್ಟಿಗೆ ತೆರೆದು ನೋಡಿದವರಿಗೆ ಈ ಶ್ಲೇಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ರಾಶಿಯಿಂದ ಎದ್ದುಬರುವ ಮೂರ್ತಿಗಳಲ್ಲಿ ರಾಕ್ಷಸಪ್ರಾಣಿಗಳಿವೆ, ಚಿತ್ರಕಥೆಗಳ ಹುಡುಗಿಯರಿದ್ದಾರೆ. ಆದರೆ ಹೆಚ್ಚು ಬೆವರಿಳಿಸುವುದು ರೋಬೋಟುಗಳು. ಮುಖದ ಮೂಗು ಕೂದಲೆಳೆಯಷ್ಟು ಸೊಟ್ಟಗಾದರೆ ಕಣ್ಣು ಕ್ಷಮಿಸೀತು; ಯಂತ್ರದ ಚಪ್ಪಟೆ ಫಲಕ ಅಷ್ಟೇ ಬಾಗಿದರೂ ಎದ್ದು ಕಾಣುತ್ತದೆ.

ಜಪಾನಿಗೆ ರೋಬೋಟಿನ ಗೀಳು ಹೊಸದಲ್ಲ. ಒಸಾಮು ತೆಜುಕಾ ಅವರ ಚಿತ್ರಕಥೆಯ ಬಾಲಕ ಆಟಮ್ 1952ರಲ್ಲೇ ಹುಟ್ಟಿದ್ದ. 1963ರ ಜನವರಿ 1ರಂದು ಟೆಲಿವಿಷನ್ನಿಗೂ ಬಂದ. 1972ರಲ್ಲಿ ಗೊ ನಗಾಯಿ ಅವರ ‘ಮಜಿಂಗರ್ ಝಡ್’ ಮಾನವನೇ ಒಳಗೆ ಕುಳಿತು ನಡೆಸುವ ದೈತ್ಯಯಂತ್ರವನ್ನು ಮಕ್ಕಳ ಮನಸ್ಸಿಗೆ ಇಳಿಸಿತು. ಎರಡು ವರ್ಷಗಳ ಬಳಿಕ ಪೊಪಿ ಕಂಪೆನಿ ಅದನ್ನು ಎರಕದ ಲೋಹದ ಭಾರವಾದ ಆಟಿಕೆ ಮಾಡಿ ಮಾರಿತು. ಇವೆಲ್ಲ ಮಕ್ಕಳ ಸಾಮಾನು. ದೊಡ್ಡವರು ಗಂಭೀರವಾಗಿ ಕೈಹಾಕುತ್ತಿದ್ದುದು ಯುದ್ಧನೌಕೆ, ಟ್ಯಾಂಕು, ವಿಮಾನಗಳ ಮಾದರಿಗಳಿಗೆ.

ಈ ಗೆರೆಯನ್ನು ಅಳಿಸಿದ್ದು ಒಂದು ಸೋತ ಧಾರಾವಾಹಿ. 1979ರ ಏಪ್ರಿಲಿನಲ್ಲಿ ನಗೋಯಾ ನಗರದ ಕೇಂದ್ರವೊಂದರಿಂದ ‘ಮೊಬೈಲ್ ಸೂಟ್ ಗನ್‌ಡಮ್’ ಪ್ರಸಾರ ಆರಂಭಿಸಿತು. ನಿರ್ದೇಶಕ ಯೊಶಿಯುಕಿ ತೊಮಿನೊ, ಯಂತ್ರಗಳ ವಿನ್ಯಾಸಕ ಕುನಿಯೊ ಒಕಾವಾರಾ. ಇಲ್ಲಿ ರೋಬೋಟು ಪವಾಡಪುರುಷನಲ್ಲ, ಸೈನ್ಯ ತಯಾರಿಸುವ ಆಯುಧ. ಅದಕ್ಕೆ ಇಂಧನ ಬೇಕು, ದುರಸ್ತಿ ಬೇಕು. ಗುಂಡು ತಗುಲಿದರೆ ತೂತು ಬೀಳುತ್ತದೆ. ಶತ್ರುಪಾಳೆಯದ ಹಸಿರು ‘ಝಾಕು’ ಯಂತ್ರ ಒಂದಲ್ಲ, ಒಂದೇ ಮಾದರಿಯ ನೂರಾರು. ಪ್ರಾಯೋಜಕರಾದ ಆಟಿಕೆ ಕಂಪೆನಿಗೆ ವ್ಯಾಪಾರ ಕುದುರಲಿಲ್ಲ, ನೋಡುಗರ ಸಂಖ್ಯೆಯೂ ಏರಲಿಲ್ಲ. 52 ಕಂತು ಎಂದುಕೊಂಡಿದ್ದುದನ್ನು 43ಕ್ಕೆ ಮೊಟಕುಗೊಳಿಸಿ 1980ರ ಜನವರಿಯಲ್ಲಿ ಮುಗಿಸಿದರು.

ಮುಗಿದ ಮೇಲೆ ಅದು ಬದುಕಿತು. ಮರುಪ್ರಸಾರದಲ್ಲಿ ಹೈಸ್ಕೂಲು, ಕಾಲೇಜು ಹುಡುಗರು ಮುಗಿಬಿದ್ದು ನೋಡಿದರು. 1980ರ ಜುಲೈಯಲ್ಲಿ ಬಂದೈ ಕಂಪೆನಿ 300 ಯೆನ್ನಿನ ಒಂದು ಪ್ಲಾಸ್ಟಿಕ್ ಕಿಟ್ ಮಾರುಕಟ್ಟೆಗೆ ಬಿಟ್ಟಿತು. ಕಥೆಯಲ್ಲಿ 18 ಮೀಟರ್ ಎತ್ತರದ ಯಂತ್ರ ಇಲ್ಲಿ 144ರಲ್ಲಿ ಒಂದು ಪಾಲು, ಎಂದರೆ ಹನ್ನೆರಡೂವರೆ ಸೆಂಟಿಮೀಟರ್. ಟ್ಯಾಂಕು, ವಿಮಾನಗಳಿಗೆ ಬಳಸುತ್ತಿದ್ದಂಥ ಅಳತೆಯ ಲೆಕ್ಕವನ್ನೇ ಇಲ್ಲದ ಯಂತ್ರಕ್ಕೂ ಹಚ್ಚಿದ್ದು ಸಣ್ಣ ಸಂಗತಿಯಲ್ಲ. ಕಿಟ್‌ಗಳಿಗೆ ಎಂಥ ನೂಕುನುಗ್ಗಲಾಯಿತೆಂದರೆ 1982ರ ಜನವರಿಯಲ್ಲಿ ಚಿಬಾ ಪ್ರಾಂತದ ಮಳಿಗೆಯೊಂದರಲ್ಲಿ ಕಿಟ್ ಕೊಳ್ಳಲು ಓಡಿದ ಮಕ್ಕಳು ಎಸ್ಕಲೇಟರಿನ ಮೇಲೆ ಒಬ್ಬರ ಮೇಲೊಬ್ಬರು ಉರುಳಿ ಗಾಯಗೊಂಡರು.

ಆದರೆ ಕಟ್ಟಿ ನಿಲ್ಲಿಸಿದಾಗ ಹುಡುಗರಿಗೆ ಒಂದು ಅಸಮಾಧಾನ. ತೆರೆಯ ಮೇಲಿನ ಠೀವಿ ಈ ಗೊಂಬೆಗಿಲ್ಲ. ಕಾಲು ಬಿಗಿ, ಸೊಂಟ ಗಡುಸು. ಕತ್ತರಿಸಿ, ಮೇಣದಂಥ ಪುಟ್ಟಿ ಮೆತ್ತಿ, ಕೆತ್ತಿ ತಿದ್ದುವವರು ಹುಟ್ಟಿಕೊಂಡರು. ‘ಹಾಬಿ ಜಪಾನ್’ ಪತ್ರಿಕೆ 1981ರಲ್ಲಿ ಇಂಥವರ ಕೆಲಸಗಳನ್ನೇ ಸೇರಿಸಿ ವಿಶೇಷ ಸಂಚಿಕೆ ತಂದಿತು. ಅಲ್ಲಿಂದ ಮುಂದಿನ ಪ್ರಶ್ನೆ ಸಹಜವಾಗಿತ್ತು. ಇಷ್ಟು ತಿದ್ದುವ ಬದಲು ಮೂರ್ತಿಯನ್ನೇ ಹೊಸದಾಗಿ ಮಾಡಿದರೆ? ಮಾಡಿದ್ದರ ಪ್ರತಿ ಗೆಳೆಯರಿಗೂ ಸಿಕ್ಕರೆ?

ಇಲ್ಲಿ ಅರ್ಥಶಾಸ್ತ್ರ ಅಡ್ಡಬರುತ್ತದೆ. ಅಂಗಡಿಯ ಪ್ಲಾಸ್ಟಿಕ್ ಕಿಟ್ ಹುಟ್ಟುವುದು ಉಕ್ಕಿನ ಅಚ್ಚಿನಲ್ಲಿ. ಕರಗಿದ ಪಾಲಿಸ್ಟೈರೀನನ್ನು ಭಾರೀ ಒತ್ತಡದಲ್ಲಿ ಅಚ್ಚಿಗೆ ನುಗ್ಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಒಂದು ಪ್ರತಿ ಸಿದ್ಧ. ಪ್ರತಿಯ ಖರ್ಚು ಪುಡಿಗಾಸು. ಅಚ್ಚಿನ ಖರ್ಚು ಮಾತ್ರ ದೊಡ್ಡ ಬಂಡವಾಳ. ಸಾವಿರ ಸಾವಿರ ಪ್ರತಿ ಮಾರಾಟವಾದರೆ ಮಾತ್ರ ಅಸಲು ಹುಟ್ಟೀತು. ಹೀಗಾಗಿ ಕಂಪೆನಿಗಳು ಕಥಾನಾಯಕನ ಯಂತ್ರಕ್ಕೆ ಅಚ್ಚು ಕೊರೆಸಿದವೇ ಹೊರತು ಒಂದೇ ಕಂತಿನಲ್ಲಿ ಬಂದು ಸುಟ್ಟುಹೋದ ಪೋಷಕ ಪಾತ್ರಕ್ಕಲ್ಲ. ಆ ಪೋಷಕ ಪಾತ್ರವನ್ನೇ ಮೆಚ್ಚಿದ ಇನ್ನೂರು ಜನ ದೇಶದಲ್ಲಿದ್ದರೂ ಕಂಪೆನಿಯ ಲೆಕ್ಕದಲ್ಲಿ ಅವರು ಇಲ್ಲದಂತೆಯೇ.

ಆ ಇನ್ನೂರು ಜನರ ಕೈಹಿಡಿದದ್ದು ಸಿಲಿಕೋನ್ ರಬ್ಬರ್ ಮತ್ತು ಪಾಲಿಯುರೆಥೇನ್ ರಾಳ. ಸಂಕ್ರಾಂತಿಗೆ ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ಯುವುದನ್ನು ಕಂಡವರಿಗೆ ಇದರ ತತ್ವ ಹೊಸದಲ್ಲ. ಮೂಲಮೂರ್ತಿಯ ಒಂದೊಂದು ತುಂಡನ್ನೂ ಎಣ್ಣೆಜೇಡಿಯಲ್ಲಿ ಅರ್ಧದವರೆಗೆ ಹುದುಗಿಸಿ, ಸುತ್ತ ಗೋಡೆ ಕಟ್ಟಿ, ಜೇಡಿಯಲ್ಲಿ ಅಲ್ಲಲ್ಲಿ ಗುಳಿ ಒತ್ತಿ, ಮೇಲೆ ದ್ರವರೂಪದ ಸಿಲಿಕೋನ್ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ತಿರುವಿಹಾಕಿ, ಜೇಡಿ ಕಿತ್ತು, ಅಂಟದಂತೆ ಲೇಪ ಬಳಿದು ಇನ್ನೊಂದು ಮಗ್ಗುಲಿಗೂ ಸುರಿಯುತ್ತಾರೆ. ಎರಡು ದಳಗಳ ಅಚ್ಚು ಸಿದ್ಧ. ಒತ್ತಿದ ಗುಳಿಗಳೇ ದಳಗಳು ಒಂದಕ್ಕೊಂದು ಸರಿಯಾಗಿ ಕೂರಲು ಗುರುತು. ರಾಳ ಹೊಯ್ಯಲು ಒಂದು ದಾರಿ, ಗಾಳಿ ಹೊರಬೀಳಲು ಇನ್ನೊಂದು ದಾರಿ ಕೊಯ್ದು, ಹಲಗೆಗಳ ನಡುವೆ ಇಟ್ಟು ರಬ್ಬರ್‌ಬ್ಯಾಂಡಿನಿಂದ ಬಿಗಿದರೆ ಮುಗಿಯಿತು.

ರಾಳ ಎರಡು ಬಾಟಲಿಗಳಲ್ಲಿ ಬರುತ್ತದೆ. ಎರಡನ್ನೂ ತೂಗಿ ಬೆರೆಸಿದರೆ ಕೈಯಲ್ಲಿ ಉಳಿಯುವುದು ಎರಡು ಮೂರು ನಿಮಿಷ ಮಾತ್ರ. ತಿಳಿಯಾಗಿದ್ದ ದ್ರವ ಕಣ್ಣೆದುರೇ ಬಿಸಿಯಾಗಿ, ಹಾಲು ಹೆಪ್ಪುಗಟ್ಟಿದಂತೆ ಬೆಳ್ಳಗಾಗಿ ಕಲ್ಲಾಗುತ್ತದೆ. ಅಷ್ಟರೊಳಗೆ ಅಚ್ಚಿನ ಮೂಲೆಮೂಲೆಗೂ ಇಳಿದಿರಬೇಕು. ಸಿಕ್ಕಿಬಿದ್ದ ಗಾಳಿ ಗುಳ್ಳೆಯಾಗಿ ಉಳಿಯುತ್ತದೆ. ಪೆಟ್ಟಿಗೆಯ ತುಂಡುಗಳ ಮೇಲಿನ ಸೂಜಿಗುಳಿಗಳ ಮೂಲ ಇದೇ. ರಬ್ಬರ್ ಮೆತ್ತಗಿರುವುದರಿಂದ ಉಕ್ಕಿನ ಅಚ್ಚಿನಿಂದ ಬಿಡಿಸಲಾಗದ ಒಳಕೊರೆತಗಳನ್ನೂ ಇದು ಬಳುಕಿ ಬಿಟ್ಟುಕೊಡುತ್ತದೆ. ರಾಳದ ಕಿಟ್‌ಗಳಲ್ಲಿ ಕಾಣುವ ಆಳವಾದ ಕುಸುರಿಗೆ ಅದೇ ಕಾರಣ. ದೋಷವೆಂದರೆ ರಬ್ಬರ್ ಬೇಗ ಸವೆದು ಹರಿಯುತ್ತದೆ. ಇಪ್ಪತ್ತು ಮೂವತ್ತು ಪ್ರತಿ ತೆಗೆಯುವಷ್ಟರಲ್ಲಿ ಅಚ್ಚಿನ ಆಯುಸ್ಸು ತೀರುತ್ತದೆ. ಇನ್ನೂರು ಜನರಿಗೆ ಇದು ಸಾಕು, ಇಪ್ಪತ್ತು ಸಾವಿರ ಜನರಿಗೆ ಸಾಲದು.

ಈ ವಿದ್ಯೆಯ ತವರು ಟೋಕಿಯೊ ಅಲ್ಲ, ಒಸಾಕಾ ಎಂಬುದು ಗಮನಿಸಬೇಕಾದ ಮಾತು. ಅಲ್ಲಿನ ಹೊರವಲಯದಲ್ಲಿ ಒಸಾಮು ಮಿಯಾವಾಕಿ 1964ರಲ್ಲಿ ತೆರೆದ ‘ಕೈಯೋದೊ’ ಒಂದು ಪುಟ್ಟ ಮಾದರಿ ಅಂಗಡಿ. ಗಿರಾಕಿಗಳಾಗಿ ಬಂದ ಹುಡುಗರೇ ಅಲ್ಲಿ ಮೂರ್ತಿಕಾರರಾದರು. ಅದೇ ನಗರದಲ್ಲಿ ವಿಜ್ಞಾನಕಥೆಗಳ ಹುಚ್ಚು ಹಿಡಿದ ಕಾಲೇಜು ತರುಣರ ಇನ್ನೊಂದು ಗುಂಪಿತ್ತು. 1981ರಲ್ಲಿ ಒಸಾಕಾದ ವಿಜ್ಞಾನಕಥಾ ಸಮ್ಮೇಳನಕ್ಕೆ ಕೈಯಿಂದ ಚಿತ್ರ ಬರೆದು ಕಿರುಚಿತ್ರ ಮಾಡಿದ್ದವರು ಇವರು. 1982ರ ಫೆಬ್ರವರಿಯಲ್ಲಿ ತೊಶಿಯೊ ಒಕಾಡಾ, ಯಸುಹಿರೊ ತಕೇಡಾ ಮುಂದಾಗಿ ‘ಜನರಲ್ ಪ್ರಾಡಕ್ಟ್ಸ್’ ಎಂಬ ಅಂಗಡಿ ಹಾಕಿದರು. ಹೆಸರು ಅಮೆರಿಕದ ಕತೆಗಾರ ಲ್ಯಾರಿ ನಿವೆನ್ ಕಲ್ಪಿಸಿದ ಕಂಪೆನಿಯೊಂದರದು. ಗ್ಯಾರೇಜ್ ಕಿಟ್ ಅಲ್ಲಿ ಗಲ್ಲಾಪೆಟ್ಟಿಗೆಯ ಸರಕಾಯಿತು.

ಸರಕು ಬಂದಲ್ಲಿ ಹಕ್ಕಿನ ಪ್ರಶ್ನೆಯೂ ಬರಲೇಬೇಕು. ಯಂತ್ರವನ್ನು ಕಲ್ಪಿಸಿದವರು ಒಬ್ಬರು, ಕೆತ್ತಿದವರು ಇನ್ನೊಬ್ಬರು. ಕೆತ್ತಿದ್ದು ಪ್ರೀತಿಯಿಂದಲೇ ಇರಬಹುದು. ದುಡ್ಡು ಪಡೆದು ಮಾರಿದ ಕ್ಷಣಕ್ಕೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ಕಂಪೆನಿಗಳು ಮೊಕದ್ದಮೆ ಹೂಡಿದ್ದರೆ ಈ ಕಲೆ ಕೂಸಿನಲ್ಲೇ ಸಾಯುತ್ತಿತ್ತು; ಕಣ್ಣು ಮುಚ್ಚಿ ಕುಳಿತಿದ್ದರೆ ಕಳ್ಳಸಂತೆಯಾಗುತ್ತಿತ್ತು. ಹವ್ಯಾಸಿಯೊಬ್ಬ ದೊಡ್ಡ ಸ್ಟುಡಿಯೊ ಜೊತೆ ವಕೀಲರನ್ನಿಟ್ಟು ಒಪ್ಪಂದ ಮಾಡಿಕೊಳ್ಳುವುದಂತೂ ಆಗದ ಮಾತು.

ಜನರಲ್ ಪ್ರಾಡಕ್ಟ್ಸ್‌ನವರು 1985ರಲ್ಲಿ ಟೋಕಿಯೊದಲ್ಲಿ ‘ವಂಡರ್ ಫೆಸ್ಟಿವಲ್’ ಎಂಬ ಮೇಳ ಆರಂಭಿಸಿದರು. ಅದರೊಂದಿಗೆ ಬೆಳೆದುಬಂದ ಪರಿಹಾರಕ್ಕೆ ‘ತೋಜಿತ್ಸು ಹಾಂಕೆನ್’ ಎಂದು ಹೆಸರು, ಎಂದರೆ ಆ ದಿನದ ಹಕ್ಕು. ಮೂರ್ತಿಕಾರ ತಿಂಗಳುಗಳ ಮುಂಚೆಯೇ ಮೂಲಮೂರ್ತಿಯ ಚಿತ್ರ, ತಯಾರಿಸಲಿರುವ ಪ್ರತಿಗಳ ಸಂಖ್ಯೆ, ಬೆಲೆ ಬರೆದು ಅರ್ಜಿ ಹಾಕಬೇಕು. ಮೇಳದ ವ್ಯವಸ್ಥಾಪಕರು ಅದನ್ನು ಹಕ್ಕುದಾರರಿಗೆ ಮುಟ್ಟಿಸುತ್ತಾರೆ. ಅವರು ಒಪ್ಪಿದರೆ ಬೆಲೆಯಲ್ಲಿ ಒಂದು ಪಾಲು ಗೌರವಧನ ಕೊಟ್ಟು, ಆ ಒಂದು ದಿನ, ಆ ಒಂದೇ ಸಭಾಂಗಣದಲ್ಲಿ ಮಾರಬಹುದು. ಮರುದಿನ ಮಾರಿದರೆ ತಪ್ಪು. ಒಪ್ಪದಿದ್ದರೆ ಮೇಜಿನ ಮೇಲೆ ಇಡುವಂತೆಯೂ ಇಲ್ಲ. ಎಷ್ಟೋ ಅರ್ಜಿಗಳು ಹೀಗೆ ಬಿದ್ದುಹೋಗಿವೆ. ತಿಂಗಳುಗಟ್ಟಲೆ ಕೆತ್ತಿದ್ದು ಕಪಾಟು ಸೇರಿದೆ. ಆದರೂ ಕಾನೂನಿನ ಪುಸ್ತಕಕ್ಕೂ ಅಭಿಮಾನಿಯ ಹುಚ್ಚಿಗೂ ನಡುವೆ ಇಂಥ ಕಿಟಕಿ ತೆರೆದದ್ದು ಯಾವ ರೋಬೋಟಿಗಿಂತಲೂ ಜಾಣತನದ ನಿರ್ಮಿತಿ ಎನ್ನಬೇಕು.

ಮೇಳದ ಹೊರಗೆ ಹಕ್ಕು ಕೇಳದ ನಕಲಿಗಳೂ ಬೆಳೆದವು. ಮೇಳದಲ್ಲಿ ಕೊಂಡ ಕಿಟ್ಟಿನ ತುಂಡುಗಳನ್ನೇ ಮೂಲವಾಗಿಟ್ಟು ಅಚ್ಚು ತೆಗೆದು ಏಷ್ಯಾದ ಬೇರೆ ಬೇರೆ ನಗರಗಳಿಂದ ಅಗ್ಗಕ್ಕೆ ಮಾರುವವರು ಹುಟ್ಟಿದರು. ಇದಕ್ಕೆ ‘ರೀಕಾಸ್ಟ್’ ಎನ್ನುತ್ತಾರೆ. ರಾಳ ಗಟ್ಟಿಯಾಗುವಾಗ ಒಂದಿಷ್ಟು ಕುಗ್ಗುತ್ತದೆ. ಆದ್ದರಿಂದ ಪ್ರತಿಯ ಪ್ರತಿ ಮೂಲಕ್ಕಿಂತ ಚೂರು ಗಿಡ್ಡ. ಕಳ್ಳಮಾಲನ್ನು ಅಳತೆಪಟ್ಟಿ ಹಿಡಿದೇ ಪತ್ತೆಹಚ್ಚಬಹುದು.

ರೋಬೋಟಿನ ರಾಳಕಿಟ್ಟಿಗೆ ಹೇಳಿ ಮಾಡಿಸಿದಂತೆ ಬಂದದ್ದು ಮಾಮೊರು ನಗಾನೊ ಅವರ ‘ಫೈವ್ ಸ್ಟಾರ್ ಸ್ಟೋರೀಸ್’. 1986ರಿಂದ ‘ನ್ಯೂಟೈಪ್’ ಮಾಸಪತ್ರಿಕೆಯಲ್ಲಿ ಆಗಾಗ ನಿಂತು ನಿಂತು ಬಂದ ಚಿತ್ರಕಥೆ ಇದು. ಇದರ ಯಂತ್ರಗಳಿಗೆ ‘ಮಾರ್ಟರ್ ಹೆಡ್’ ಎಂದು ಹೆಸರು. ತೆಳ್ಳಗಿನ ಸೊಂಟ, ಕೊಕ್ಕಿನಂಥ ಭುಜ, ದೇವಸ್ಥಾನದ ಗೋಪುರದಂತೆ ಒಂದರ ಮೇಲೊಂದು ಏರುವ ಕವಚ. ಅವನ್ನು ಉಕ್ಕಿನ ಅಚ್ಚಿಗೆ ಇಳಿಸುವುದು ಆ ಕಾಲಕ್ಕೆ ಸುಲಭದ ಮಾತಾಗಿರಲಿಲ್ಲ. ಕಿಯೊಟೊದ ವೋಕ್ಸ್, ಟೋಕಿಯೊದ ವೇವ್ ಕಂಪೆನಿಗಳು ಅವನ್ನು ರಾಳದಲ್ಲಿ ಎರಕ ಹೊಯ್ದು ಮಾರಿದವು.

ಇಂಥದೊಂದನ್ನು ಕಟ್ಟುವ ಕೆಲಸ ತೊಳೆಯುವುದರಿಂದ ಶುರು. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಬಳಿದ ಎಣ್ಣೆಯಂಥ ಲೇಪ ತುಂಡಿನ ಮೇಲೆ ಉಳಿದಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಪಾತ್ರೆ ತೊಳೆಯುವ ಸೋಪು ಸಾಕು. ಆದರೆ ಈ ಮೆಟ್ಟಿಲು ಹಾರಿದವರ ಬಣ್ಣ ತಿಂಗಳೊಪ್ಪತ್ತಿನಲ್ಲಿ ಸಿಪ್ಪೆಯಂತೆ ಏಳುತ್ತದೆ. ಬಾಗಿದ ಕತ್ತಿ, ಸೊಟ್ಟಗಾದ ಫಲಕಗಳನ್ನು ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತವೆ; ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತವೆ. ಹೊಯ್ದ ದಾರಿಯ ಬಾಲ ಕತ್ತರಿಸಿ, ಅಂಚಿನ ಪೊರೆ ಹೆರೆದು, ಗುಳಿಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಬೇಕು. ಮೊದಲು ಒರಟು ಕಾಗದ, ಆಮೇಲೆ 400, 600, 800 ನಂಬರಿನವು. ಒಣಗಿದ ರಾಳದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ತಿಳಿದವರು ನೀರು ಮುಟ್ಟಿಸಿ ಉಜ್ಜುತ್ತಾರೆ, ಮೂಗಿಗೆ ಮುಸುಕು ಕಟ್ಟಿಕೊಳ್ಳುತ್ತಾರೆ. ಎರಕ ಹೊಯ್ಯುವವರ ಪಾಡು ಇನ್ನೂ ಕಷ್ಟ. ರಾಳದ ಒಂದು ದ್ರವದಲ್ಲಿರುವ ಐಸೊಸಯನೇಟಿನ ಹಬೆ ಕೆಲವರಿಗೆ ಉಬ್ಬಸ ತರುತ್ತದೆ. ಬಾಡಿಗೆ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಾಡುವ ಕೆಲಸ ಇದಲ್ಲ.

ಪಾಲಿಸ್ಟೈರೀನ್ ಕಿಟ್ಟಿನ ಅಂಟು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಬೆಸೆಯುತ್ತದೆ. ರಾಳ ಅದಕ್ಕೆ ಜಗ್ಗುವುದಿಲ್ಲ. ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟೇ ಬೇಕು. ಅದೂ ಸಾಲದು, ತುಂಡುಗಳು ಒಳಗೂ ಗಟ್ಟಿಯಾದ್ದರಿಂದ ಭಾರ ಹೆಚ್ಚು, ಕೇವಲ ಅಂಟು ನಂಬಿದರೆ ತೋಳು ಒಂದು ದಿನ ಕಳಚಿ ಬೀಳುತ್ತದೆ. ಕೀಲುಗೀಲಿನಲ್ಲೂ ಕೈಬೈರಿಗೆಯಿಂದ ರಂಧ್ರ ಕೊರೆದು ಹಿತ್ತಾಳೆ ತಂತಿಯ ತುಂಡು ಕೂರಿಸುತ್ತಾರೆ. ಎರಡೂ ಕಡೆಯ ರಂಧ್ರ ಒಂದೇ ನೇರಕ್ಕೆ ಬರುವುದು ಕೈಪಳಗಿದವರಿಗೂ ಪರೀಕ್ಷೆಯೇ.

ಆಮೇಲೆ ಬಣ್ಣ. ಮೊದಲ ಪದರ ಬೂದುಬಣ್ಣದ ಅಸ್ತರ. ಅದು ಬಿದ್ದ ಕೂಡಲೇ ಅಷ್ಟು ಹೊತ್ತು ಕಾಣದ ಗೀರು, ಗುಳಿಗಳೆಲ್ಲ ಪ್ರತ್ಯಕ್ಷವಾಗುತ್ತವೆ. ಮತ್ತೆ ಪುಟ್ಟಿ, ಮತ್ತೆ ಉಜ್ಜು. ನಗಾನೊ ಅವರ ‘ನೈಟ್ ಆಫ್ ಗೋಲ್ಡ್’ ಅಡಿಯಿಂದ ಮುಡಿಯವರೆಗೆ ಚಿನ್ನದ ಯಂತ್ರ. ಅದನ್ನು ಬಣ್ಣಗಾರರು ಮೊದಲು ಕಪ್ಪಾಗಿಸುತ್ತಾರೆ. ಕನ್ನಡಿಯಂತೆ ಹೊಳೆಯುವ ಕಪ್ಪಿನ ಮೇಲೆ ಏರ್‌ಬ್ರಷ್ಷಿನಿಂದ ಚಿನ್ನದ ಬಣ್ಣವನ್ನು ಮಂಜಿನಂತೆ ತೆಳುವಾಗಿ ಹಾಯಿಸಿದರೆ ಮಾತ್ರ ಅದು ಲೋಹವಾಗಿ ಕಾಣುತ್ತದೆ. ಬೂದಿಯ ಮೇಲೆ ನೇರ ಹಾಯಿಸಿದರೆ ಹಿತ್ತಾಳೆ ಪುಡಿ ಬಳಿದ ಹಾಗೆ ಮಂಕು. ಲೋಹದ ಬಣ್ಣ ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ. ಅಡಿಯ ಕಪ್ಪಿನಲ್ಲಿ ಒಂದು ಧೂಳಿನ ಕಣ ಕುಳಿತಿದ್ದರೂ ಚಿನ್ನದಲ್ಲಿ ಅದು ಮೊಡವೆಯಾಗಿ ಎದ್ದು ನಿಲ್ಲುತ್ತದೆ. ಕೊನೆಗೆ ಫಲಕಗಳ ಸಂದುಗಳಿಗೆ ತೆಳುಗಪ್ಪು ಹರಿಸಿ, ಹೆಚ್ಚಾದದ್ದನ್ನು ಒರೆಸಿ, ಮೇಲೊಂದು ರಕ್ಷಣೆಯ ಪದರ ಕೊಡುತ್ತಾರೆ. ತಿಂಗಳುಗಳ ಕೆಲಸ.

2013ರಲ್ಲಿ, ಹಲವು ವರ್ಷಗಳ ಬಿಡುವಿನ ನಂತರ ಚಿತ್ರಕಥೆ ಮತ್ತೆ ಆರಂಭವಾದಾಗ ಓದುಗರು ಕಣ್ಣುಜ್ಜಿಕೊಂಡರು. ಮಾರ್ಟರ್ ಹೆಡ್‌ಗಳೇ ಇಲ್ಲ! ಅವು ಇದ್ದಲ್ಲೆಲ್ಲ ‘ಗೋಥಿಕ್‌ಮೇಡ್’ ಎಂಬ ಬೇರೆ ಆಕಾರದ, ಬೇರೆ ಹೆಸರಿನ ಯಂತ್ರಗಳು, ಮೊದಲಿನಿಂದಲೂ ಹಾಗೇ ಇದ್ದವೆಂಬಂತೆ. ಕಾಲು ಶತಮಾನದ ರಾಳದ ಮೂರ್ತಿಗಳು ಒಂದು ಸಂಚಿಕೆಯಲ್ಲಿ ಕಥೆಯಿಂದ ಹೊರಬಿದ್ದವು. ಕಲ್ಪಿಸಿದವನ ಹಕ್ಕು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕಪಾಟಿನ ಗಾಜಿನ ಹಿಂದಿರುವವು ಮಾತ್ರ ಅಲ್ಲೇ ಉಳಿದವು.

ಒಸಾಕಾದ ತರುಣರ ಕಥೆಗೆ ಬಂದರೆ, 1984ರ ಕೊನೆಗೆ ಅವರು ‘ಗೈನಾಕ್ಸ್’ ಎಂಬ ಚಿತ್ರಸಂಸ್ಥೆ ಕಟ್ಟಿದರು. 1992ರಲ್ಲಿ ಅಂಗಡಿ ಮುಚ್ಚಿ, ಮೇಳವನ್ನು ಕೈಯೋದೊಗೆ ಒಪ್ಪಿಸಿದರು. 1995ರ ಅಕ್ಟೋಬರಿನಲ್ಲಿ ಅದೇ ಗೈನಾಕ್ಸಿನಿಂದ ಹಿಡೆಆಕಿ ಅನ್ನೊ ನಿರ್ದೇಶನದ ‘ಇವ್ಯಾಂಗೆಲಿಯನ್’ ಬಂತು. ಬೆನ್ನು ಬಾಗಿದ, ಬಡಕಲು ದೇಹದ ಅದರ ದೈತ್ಯರನ್ನು ಕೆತ್ತಲು ಮೂರ್ತಿಕಾರರು ಮುಗಿಬಿದ್ದರು. ಒಂದು ಕಾಲಕ್ಕೆ ಇತರರ ಯಂತ್ರಗಳಿಗೆ ಅನುಮತಿ ಕೇಳುತ್ತಿದ್ದವರ ಬಾಗಿಲಿಗೆ ಈಗ ಬೇರೆಯವರ ಅರ್ಜಿಗಳು.

ಅದೇ 1995ರಲ್ಲಿ ಬಂದೈ ‘ಮಾಸ್ಟರ್ ಗ್ರೇಡ್’ ಸರಣಿ ಆರಂಭಿಸಿತು. ಅಂಟು ಬೇಡದೆ ಒತ್ತಿದರೆ ಕೂರುವ, ಬಣ್ಣ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಬರುವ, ಮೈಯೊಳಗೆ ಅಸ್ಥಿಪಂಜರವೂ ಇರುವ ಕಿಟ್‌ಗಳು ಒಂದೊಂದಾಗಿ ಬಂದವು. ರಾಳ ಮಾಡುತ್ತಿದ್ದ ಬಹುಪಾಲನ್ನು ಉಕ್ಕಿನ ಅಚ್ಚು ಕಲಿತುಬಿಟ್ಟಿತು. ರಾಳಕ್ಕೆ ಉಳಿದದ್ದು ಕಂಪೆನಿ ತಿರುಗಿಯೂ ನೋಡದ ಯಂತ್ರಗಳು.

ವಂಡರ್ ಫೆಸ್ಟಿವಲ್ ಮಾತ್ರ ಬೆಳೆಯುತ್ತ ಹೋಯಿತು. ಚಳಿಗಾಲ, ಬೇಸಿಗೆಗಳ ಮೇಳಗಳಿಗೆ ಹತ್ತಾರು ಸಾವಿರ ಜನ. 2008ರ ಆಗಸ್ಟ್ 3ರಂದು ಟೋಕಿಯೊದ ಬಿಗ್ ಸೈಟ್ ಸಭಾಂಗಣದಲ್ಲಿ ಮೇಳಕ್ಕೆ ನುಗ್ಗಿದ ಜನರ ಭಾರಕ್ಕೆ ಎಸ್ಕಲೇಟರು ನಿಂತು ಹಿಮ್ಮುಖ ಜಾರಿ ಹಲವರಿಗೆ ಪೆಟ್ಟಾಯಿತು. ಈ ಹವ್ಯಾಸಕ್ಕೂ ಎಸ್ಕಲೇಟರಿಗೂ ಯಾವ ಜನ್ಮದ ವೈರವೋ! 2009ರ ಬೇಸಿಗೆಯಿಂದ ಮೇಳ ಚಿಬಾದ ಮಾಕುಹಾರಿ ಮೆಸ್ಸೆಗೆ ಹೋಯಿತು.

ಎರಡನೆಯ ಬದಲಾವಣೆಯ ಬೀಜ ಬಿದ್ದದ್ದು ಬಹಳ ಹಿಂದೆ, ಗನ್‌ಡಮ್ ಪ್ರಸಾರವಾದ ನಗೋಯಾದಲ್ಲೇ. ಅಲ್ಲಿನ ನಗರಸಭೆಯ ಕೈಗಾರಿಕಾ ಸಂಶೋಧನಾಲಯದಲ್ಲಿದ್ದ ಹಿಡೆಯೊ ಕೊಡಾಮಾ, ಬೆಳಕು ಬಿದ್ದರೆ ಗಟ್ಟಿಯಾಗುವ ರಾಳವನ್ನು ಪದರ ಪದರವಾಗಿ ಹೆಪ್ಪುಗಟ್ಟಿಸಿ ವಸ್ತು ರೂಪಿಸುವ ವಿಧಾನಕ್ಕೆ 1980ರಲ್ಲಿ, ಮೊದಲ ಗನ್‌ಡಮ್ ಕಿಟ್ ಬಂದ ವರ್ಷವೇ, ಪೇಟೆಂಟ್ ಅರ್ಜಿ ಹಾಕಿದರು. ಮುಂದಿನ ವಿಧಿಗಳು ಗಡುವಿನೊಳಗೆ ಪೂರೈಸದೆ ಅರ್ಜಿ ಅಲ್ಲಿಗೇ ನಿಂತಿತು. 1984ರಲ್ಲಿ ಅರ್ಜಿ ಹಾಕಿ 1986ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಚಾರ್ಲ್ಸ್ ಹಲ್ ಅವರ ಹೆಸರು ಚರಿತ್ರೆಗೆ ಸೇರಿತು. ಇಂದು ಮೂರ್ತಿಕಾರರಲ್ಲಿ ಅನೇಕರು ಕಂಪ್ಯೂಟರಿನಲ್ಲಿ ಕೆತ್ತಿ, ಮೇಜಿನ ಮೇಲಿನ ಮುದ್ರಣಯಂತ್ರದಲ್ಲಿ ಅಂಥ ಬೆಳಕಿನ ರಾಳದಿಂದಲೇ ಮೂಲಮೂರ್ತಿ ತೆಗೆಯುತ್ತಾರೆ. ಎಡಗಾಲು ಮಾಡಿದರೆ ಬಲಗಾಲು ಕನ್ನಡಿಬಿಂಬವಾಗಿ ತಾನೇ ಬರುತ್ತದೆ. ರೋಬೋಟು ಕೆತ್ತುವವರ ಹಳೆಯ ತಲೆನೋವೊಂದು ಹೀಗೆ ತೀರಿತು. ಆದರೆ ಪ್ರತಿಗಳನ್ನು ಮಾತ್ರ ಸಿಲಿಕೋನ್ ಅಚ್ಚಿನಲ್ಲಿ ಹೊಯ್ಯುವವರು ಈಗಲೂ ಇದ್ದಾರೆ. ನೂರು ಪ್ರತಿ ಮುದ್ರಿಸುವುದಕ್ಕಿಂತ ಹೊಯ್ಯುವುದೇ ಎಷ್ಟೋ ಸಲ ಬೇಗ.

ಒಂದು ದಿನದ ಹಕ್ಕಿಗೆ ಕಂಪ್ಯೂಟರಿನ ಕಡತ ಹೊಸ ತೊಡಕು ತಂದಿದೆ. ರಬ್ಬರಿನ ಅಚ್ಚು ಇಪ್ಪತ್ತು ಮೂವತ್ತು ಪ್ರತಿಗೆ ಸಾಯುತ್ತಿತ್ತು. ಕಡತಕ್ಕೆ ಸವೆತವಿಲ್ಲ, ಕುಗ್ಗುವಿಕೆಯೂ ಇಲ್ಲ. ಕಳ್ಳಪ್ರತಿಯನ್ನು ಅಳತೆಪಟ್ಟಿಯಿಂದ ಹಿಡಿಯುವ ಕಾಲ ಮುಗಿಯುತ್ತ ಬಂದಿದೆ. ಮೇಳದ ನಿಯಮ ಸದ್ಯಕ್ಕೆ ಬದಲಾಗಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ಮೂರ್ತಿಕಾರರು ಮತ್ತೆ ರಟ್ಟಿನ ಡಬ್ಬಗಳಿಗೆ ತುಂಬಿ ಮನೆಗೆ ಹೊರುತ್ತಾರೆ. ಮುಂದಿನ ಮೇಳದಲ್ಲಿ ಅವನ್ನೇ ಮಾರಬೇಕಾದರೂ ಹೊಸ ಅರ್ಜಿ, ಹೊಸ ಅನುಮತಿ ಬೇಕು.